ಸವಳು ನೀರು, ಎರಡು ಪೈಪು

ಕಳೆದ ಜೂನ್ ತಿಂಗಳ ಮೊದಲ ಸೋಮವಾರ ನಾವು ಅಫಜಲಪುರದ ಬಾಡಿಗೆ ಮನೆಗೆ ಬಂದೆವು. ಅದೇ ಸಂಜೆ ಕುಕ್ಕರ್ ಹನ್ನೆರಡು ಸಲ ಕೂಗಿದರೂ ತೊಗರಿಬೇಳೆ ಬೇಯಲಿಲ್ಲ. ತೊಗರಿಗೇ ಹೆಸರಾದ ಜಿಲ್ಲೆ ಇದು. ತಪ್ಪು ಬೇಳೆಯದಲ್ಲ, ಬೋರಿನ ನೀರಿನದು ಎಂದು ತಿಳಿಯಲು ಒಂದು ವಾರ ಬೇಕಾಯಿತು.

ಕುಂದಾಪುರದಲ್ಲಿ ನಾವು ನೀರಿನ ಬಗ್ಗೆ ಯೋಚಿಸಿದ್ದೇ ಇಲ್ಲ. ಬಾವಿಗೆ ಕೊಡಪಾನ ಇಳಿಸಿದರೆ ಬರುವುದು ನೀರು, ಅಷ್ಟೇ. ಇಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಸಿಹಿಯೋ, ಸವಳೋ?’ ಸವಳು ಎಂದರೆ ಉಪ್ಪು, ಸುಣ್ಣ ಸೇರಿದ ಗಡಸು ನೀರು. ಅದರಲ್ಲಿ ಸೋಪು ನೊರೆ ಬಿಡುವುದಿಲ್ಲ. ಬಕೆಟ್ಟಿನೊಳಗೆ ಬಿಳಿ ಪದರ, ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ, ಒಣಗಿದ ಅಂಗಿ ಹಪ್ಪಳ. ಭೀಮಾ ನದಿ ಇಷ್ಟು ಹತ್ತಿರ. ಆದರೂ ನಮ್ಮ ಓಣಿಗೆ ನಳದ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಇಲ್ಲಿಯ ಹೈಸ್ಕೂಲಿಗೆ ನೇಮಕವಾಗಿ ಬಂದ ನನ್ನ ಹೆಂಡತಿ ಶೈಲಜಾಳ ಕಿಡ್ನಿಯಲ್ಲಿ ಕಲ್ಲಿದೆ. ಡಾಕ್ಟರು ಅಳೆದು ಮಾತಾಡಿದರು: “ಈ ನೀರಿಂದನೇ ಕಲ್ಲು ಬಂತು ಅಂತ ಹೇಳ್ಲಿಕ್ಕ ಬರಂಗಿಲ್ರಿ ಟೀಚರ್. ಆದ್ರ ನೀರ್ ಮಾತ್ರ ಹೊಟ್ಟಿ ತುಂಬ ಕುಡೀಬೇಕು.” ಕುಡಿಯಬೇಕಾದ ನೀರೇ ಅವಳ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಸೊಂಟ ಹಿಡಿದುಕೊಂಡು ಪಾಠ ಅರ್ಧಕ್ಕೆ ಬಿಟ್ಟು ಬಂದ ದಿನ, ಕರಾವಳಿಗೆ ವರ್ಗಾವಣೆ ಕೋರಿ ಅರ್ಜಿ ಬರೆದಳು. ಸಹಿ ಹಾಕುವ ಮೊದಲು ಒಂದು ಫಿಲ್ಟರ್ ಹಾಕಿಸಿ ನೋಡೋಣ ಎಂದೆ.

ಫಿಲ್ಟರ್ ಕೂಡಿಸುವ ಚೌಡಾಪುರದ ಶಿವಶರಣಪ್ಪ ಮೂರು ದಿನ “ದಾರ್ಯಾಗ ಅದೀನ್ರಿ ಸರ” ಎಂದು ನಾಲ್ಕನೆಯ ದಿನ ಬಂದ. ಯಂತ್ರದಿಂದ ಎರಡು ಪೈಪು ಹೊರಡುತ್ತವೆ. ಒಂದು ಶುದ್ಧ ನೀರನ್ನು ಅದರ ತೊಟ್ಟಿಗೆ ತುಂಬಬೇಕು. ಇನ್ನೊಂದು, ಉಪ್ಪೆಲ್ಲ ಉಳಿದು ಇನ್ನಷ್ಟು ಗಡಸಾದ ನೀರನ್ನು ಹೊರಗೆ ಬಿಡಬೇಕು.

“ನೋಡ್ರಿ, ಹೆಂಗ ಫಟಾಫಟ್ ತುಂಬ್ಲಿಕತ್ತದ! ಬ್ಯಾರೆ ಮನ್ಯಾಗ ತಾಸುಗಟ್ಲೆ ಕಾಯ್ತಾರ,” ಎಂದ. ನಮ್ಮ ಅದೃಷ್ಟ ಎಂದುಕೊಂಡೆ.

ಮನೆಯ ಒಡತಿ ಖೈರುನ್ನಿಸಾ ಪಕ್ಕದಲ್ಲೇ ಇರುತ್ತಾರೆ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನೀರು ಚೆಲ್ಲುವುದನ್ನು ಖಾಲಾ ನೋಡಲಾರರು. ಅಕ್ಕಿ ತೊಳೆದದ್ದು ಆಡಿಗೆ, ಪಾತ್ರೆ ತೊಳೆದದ್ದು ಕರಿಬೇವಿಗೆ. ಹೊರಗೆ ಬಿಡುವ ಪೈಪನ್ನೂ ಗೋಡೆಯಾಚೆ ತಮ್ಮ ಕೊಡಕ್ಕೆ ಎಳೆದುಕೊಂಡರು. ಅದು ಕೆಟ್ಟ ನೀರು, ಕುಡಿಯಬೇಡಿ ಎಂದೆ.

“ಅಯ್ಯ, ಹುಟ್ಟಿದಾಗಿಂದ ಸವಳ ಕುಡ್ದು ಗಟ್ಟಿ ಅದೀನಿ. ನಿಮ್ಮ ಮಷೀನ ನನಗೇನ್ ಮಾಡ್ತದ?”

ಮೂರು ವಾರ ಕಳೆಯಿತು. ನಮ್ಮ ನೀರು ಮೊದಲಿಗಿಂತ ಕಹಿ. ಶೈಲಜಾ ಮೂಗು ಹಿಡಿದು ಕುಡಿದಳು; ದುಡ್ಡು ಕೊಟ್ಟ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾನೇ ಒತ್ತಾಯಿಸುತ್ತಿದ್ದೆ. ಶಿವಶರಣಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: “ನಾಲಗಿಗೆ ರೂಢಿ ಆಗ್ಬೇಕ್ರಿ ಸರ.”

ಒಂದು ಭಾನುವಾರ ಖಾಲಾ ಬಟ್ಟಲು ತುಂಬ ಬೇಳೆ ತಂದರು. “ತಿನ್ನು ಬೇಟಿ. ನಿಮ್ಮ ಮಷೀನಿನ ಹೊಲಸ ನೀರ್ನಾಗ ಬ್ಯಾಳಿ ಬೆಣ್ಣಿಯಂಗ ಬೆಂದದ. ಮೂರೇ ಸೀಟಿ! ಚಹಾನೂ ಮಸ್ತ್ ಆಗ್ಲಿಕತ್ತದ. ಒಂದೇ ತಕರಾರು, ನೀರ್ ಭಾಳ ಸಣ್ಣಗ ಬರ್ತದ.”

ಶೈಲಜಾ ಚಮಚ ಕೆಳಗಿಟ್ಟಳು. ಗೋಡೆಯಾಚೆ ಹೋಗಿ ಕೊಡದ ನೀರು ಕುಡಿದು ನೋಡಿದೆ. ಸಿಹಿ. ನೀರಿನಲ್ಲಿ ಕರಗಿದ ಲವಣ ತೋರಿಸುವ, ಪೆನ್ನಿನಂಥ ಮೀಟರ್ ತರಿಸಿದೆ. ನಮ್ಮ ತೊಟ್ಟಿಯ ಅಂಕಿ ಬೋರಿನದಕ್ಕಿಂತ ಹೆಚ್ಚು, ಖಾಲಾರ ಕೊಡದ್ದು ತೀರ ಕಡಿಮೆ. ಪೈಪುಗಳನ್ನು ಅದಲುಬದಲು ಕೂಡಿಸಲಾಗಿತ್ತು. ಕಲ್ಲಿದ್ದವಳಿಗೆ ಮೂರು ವಾರ ನಾನು ಒತ್ತಾಯಿಸಿ ಕುಡಿಸಿದ್ದು ಆ ನೀರು.

ಶಿವಶರಣಪ್ಪ ಬಂದು ತಲೆ ಕೆರೆದುಕೊಂಡ. “ಎರಡೂ ಪೈಪ್ ಬಿಳೀನೇ ಅವಲ್ರಿ ಸರ.”

“ಏ ಶಿವ್ಯಾ, ನಿನ್ನ ಕಣ್ಣಿಗೂ ಒಂದು ಫಿಲ್ಟರ್ ಕೂಡಿಸ್ಕೋ!” ಎಂದರು ಖಾಲಾ. ಅವನು ಪೈಪು ಬದಲಿಸಿ ಹೋದ ಮೇಲೆ ನಮ್ಮತ್ತ ತಿರುಗಿದರು: “ಈಗ ನನ್ನ ಬ್ಯಾಳಿ ಹೆಂಗ ಬೇಯ್ಬೇಕು?”

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಕೊಡ ಸಿಹಿ ನೀರು ಗೋಡೆ ದಾಟುತ್ತದೆ. ಖಾಲಿ ಕೊಡ ಬರಿದೇ ವಾಪಸು ಬರುವುದಿಲ್ಲ. ಬಾಯಿಗೆ ಎರಡು ಜೋಳದ ರೊಟ್ಟಿ ಮುಚ್ಚಿರುತ್ತವೆ.

ದಸರಾ ರಜೆಗೆ ಕುಂದಾಪುರಕ್ಕೆ ಹೋಗಿದ್ದೆವು. ಬಾವಿಕಟ್ಟೆಯಲ್ಲಿ ಶೈಲಜಾ ಹೊಟ್ಟೆ ತುಂಬ ನೀರು ಕುಡಿದಳು. ಬಾಯಿ ಒರೆಸಿಕೊಂಡು ಕೇಳಿದಳು: “ಖಾಲಾಗೆ ಈಗ ನೀರ್ ಯಾರ್ ಕೊಡ್ತ್ರ್?”

ಕಳೆದ ಗುರುವಾರ ಸ್ಕ್ಯಾನ್ ಆಯಿತು. ಕಲ್ಲು ಬೆಳೆದಿಲ್ಲ, ಕರಗಿಯೂ ಇಲ್ಲ. ವರ್ಗಾವಣೆ ಅರ್ಜಿ ಸಲ್ಲಿಸಲು ಇನ್ನು ನಾಲ್ಕು ದಿನ ಇದೆ. ಇಂದು ಬೆಳಿಗ್ಗೆ ಶೈಲಜಾ ಎರಡು ತಂಬಿಗೆ ನೀರು ಕುಡಿದು, ಖಾಲಾರ ಕೊಡವನ್ನು ಗೋಡೆಯ ಮೇಲಿಟ್ಟು ಶಾಲೆಗೆ ಹೋದಳು. ಅರ್ಜಿಯಲ್ಲಿ ಸಹಿಯ ಜಾಗ ಖಾಲಿ ಇದೆ.