ಕಾಲುಮಣೆಯ ಹೂವು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಬೇಲೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನ ಕಾಲು ಊದಿಕೊಂಡಿತ್ತು. ಕೂತಾಗಲೆಲ್ಲ ಕಾಲನ್ನು ಎತ್ತರದಲ್ಲಿಡಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಅರಸೀಕೆರೆಯಲ್ಲಿ ಗುಮಾಸ್ತ. ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರು ಸಾಮಾನು ಮಾರುತ್ತಿದ್ದಾಗ ಅವರ ಅಜ್ಜನ ಕಾಲದ ಒಂದು ಕಾಲುಮಣೆ ಕಂಡಿತು. ಮೇಲೆ ಮೆತ್ತೆ, ಕೆಳಕೆಳಗೆ ಸಣ್ಣಗಾಗುತ್ತಾ ಹೋದ, ಉದ್ದುದ್ದ ಗೀರು ಕೊರೆದ ಕಾಲುಗಳು, ನಾಲ್ಕು ಮೂಲೆಗೂ ಕೆತ್ತಿದ ದುಂಡು ಹೂವು. ಹಿಂದುಮುಂದು ನೋಡದೆ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಅಮ್ಮ ಮೂವತ್ತು ವರ್ಷ ಗುಡಿಗೆ ಹೂ ಕಟ್ಟಿದವಳು. ಮಣೆಯನ್ನು ಒಮ್ಮೆ ಸವರಿ, ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಹಳೇಬೀಡಿನ ಗೋಡೆ ಮೇಲಿರೋ ಹೂವು ಕಣೋ ಇದು. ಇದರ ಮೇಲೆ ಕಾಲು ಹೇಗಿಡಲಿ?"

"ಇಂಗ್ಲೆಂಡಿನ ಬಡಗಿ ಹಳೇಬೀಡು ಎಲ್ಲಿ ನೋಡಿದ್ದಾನಮ್ಮ?"

"ನೋಡಿಲ್ಲ ಅಂತ ನಿನಗೆ ಹೇಳಿದ್ಯಾರು?"

ಅಲ್ಲಿಂದ ನನಗೆ ತಳಮಳ ಶುರುವಾಯಿತು. ಆ ಹೂವು ನಮ್ಮದಲ್ಲ ಎಂದು ತೋರಿಸಿದರೆ ಸಾಕು, ಅಮ್ಮ ಕಾಲಿಡುತ್ತಾಳೆ. ಮರುದಿನವೇ ಹಳೇಬೀಡಿಗೆ ಹೋಗಿ ಗುಡಿಯನ್ನು ಸುತ್ತಿದ್ದೇ ಸುತ್ತಿದ್ದು. ಒಂದು ಹೂವು ಬೇರೆ ಅನ್ನಿಸಿದರೆ ಪಕ್ಕದ್ದು ಥೇಟ್ ಅದೇ ಅನ್ನಿಸುತ್ತಿತ್ತು. ಕುತ್ತಿಗೆ ನೋವು ಬಂತು, ಸಿಟ್ಟೂ ಬಂತು. ಅರಸೀಕೆರೆಗೆ ಮರಳಿದ ಮೇಲೂ ಕಡತದ ಮೇಲೆ ಕಣ್ಣು ನಿಲ್ಲಲಿಲ್ಲ.

ಕೊನೆಗೆ ಅಲ್ಲಿನ ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರು ತಮ್ಮ ಹಳೆಯ ಪುಸ್ತಕ ತೆರೆದು ತೋರಿಸಿದರು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನವರು ಇಟಲಿಗೆ ಹೋಗಿ, ರೋಮನ್ನರ ಪಾಳು ಕಟ್ಟಡಗಳನ್ನು ಅಳೆದು, ಚಿತ್ರ ಬರೆದುಕೊಂಡು ಬಂದರಂತೆ. ಅಲ್ಲಿನ ಕಂಬದ ಗೀರು ಮೇಜು ಮಣೆಗಳ ಕಾಲಿಗೆ ಇಳಿಯಿತು, ಹೂವು ಮೂಲೆಗೆ ಬಂತು. ನನಗೆ ಹೋದ ಜೀವ ಬಂದಂತಾಯಿತು. ಆ ಶನಿವಾರವೇ ಬಸ್ಸು ಹತ್ತಿದೆ.

"ಹೂವು ರೋಮಿಂದಮ್ಮ, ನಮ್ಮದಲ್ಲ."

"ಅಲ್ಲಿ ಎಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. ಅಮ್ಮನ ಮುಖ ನೋಡಿ ಬಾಯಿ ಬರಲಿಲ್ಲ.

"ಅವರ ಹಳೇ ದೇವಸ್ಥಾನಗಳಲ್ಲಿ."

"ಹಾಗಾದ್ರೆ ಅದೂ ದೇವರ ಹೂವೇ," ಎಂದು ಅಮ್ಮ ಮಣೆಯನ್ನು ನನ್ನ ಕಡೆ ತಳ್ಳಿದಳು. "ನೀನು ಕೂತ್ಕೋ. ಕೂರೋದಕ್ಕೆ ಅಡ್ಡಿಯಿಲ್ಲ, ದೇವರೂ ಹೂವಿನ ಮೇಲೇ ಕೂರೋದು. ಬಂದಾಗಲೆಲ್ಲ ನಿಂತೇ ಇರ್ತೀಯ."

ಕೂತೆ. ಕುರ್ಚಿಯಲ್ಲಿದ್ದ ಅಮ್ಮನ ಎರಡೂ ಕಾಲನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಈ ಸಲ ಅವಳು ಕಾಲನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಮುಂದಿನ ವಾರ ಹೂವಿಲ್ಲದ ಸಾದಾ ಮಣೆಯೊಂದನ್ನು ಮಾಡಿಸಿ ತಂದೆ. ಅಮ್ಮ ಅದನ್ನು ಅಟ್ಟಕ್ಕೆ ಹಾಕಿಸಿದಳು.

"ಅದು ಬಂದ್ರೆ ನೀನು ಕೂರೋದು ಯಾವಾಗ?"

ಸೋಮವಾರ ಕಚೇರಿಯಲ್ಲಿ ನಾನು ಮೊದಲು ಬರೆದದ್ದು ಬೇಲೂರಿಗೆ ವರ್ಗ ಕೇಳುವ ಅರ್ಜಿ.