ದ್ಯಾಮಪ್ಪನ ದೋಣಿಯ ತಳಹಲಗೆ

ಗಿರಣಿಯ ಭೋಂಗಾ ಕೂಗಿ ಮೊದಲ ಪಾಳಿ ಬಿಟ್ಟಿತ್ತು. ಕಟ್ಟಿಗೆ ಡಿಪೋದಿಂದ ಹೊರಬಿದ್ದ ಉಳವಪ್ಪ ಬಡಿಗೇರ ಮನೆಯ ದಾರಿ ಹಿಡಿಯಲಿಲ್ಲ. ಕೂಲಿಕಾರರ ಚಾಳಿನ ಮೊದಲ ಬಾಗಿಲಲ್ಲಿ ನಿಂತು, ಹೆಗಲ ಮೇಲಿನ ವಲ್ಲಿಯನ್ನು ಎರಡೂ ಕೈಯಲ್ಲಿ ಒಡ್ಡಿದ.

"ಮಾಲವ್ವಾ, ಒಂದ ತುಂಡು ಕಟ್ಟಿಗಿ ನೀಡವಾ."

"ಅಯ್ಯ, ದಿನಾ ಗುಡ್ಡದಷ್ಟು ಸಾಗವಾನಿ ಕೊಯ್ಯಾಂವ ನೀ. ನಮ್ಮ ಹಂತೇಕ ಏನೈತಿ ಮಾವಾ, ಒಲಿಯಾಗಿನ ಕೊಳ್ಳಿ?"

"ಕೊಳ್ಳಿ ಬ್ಯಾಡ. ತೊಟ್ಟಿಲಕ್ಕ ಬೇಕು. ಬೇಡೇ ತರಬೇಕು."

ಮಾಲವ್ವನ ನಗೆ ನಿಂತಿತು. ಒಳಗೆ ಹೋಗಿ ಮುರಿದ ಹೊರಸಿನ ಕಾಲೊಂದನ್ನು ತಂದು ವಲ್ಲಿಯೊಳಗೆ ಹಾಕಿದಳು.

ಅದು ೧೯೬೩ರ ಚಳಿಗಾಲ. ಉಳವಪ್ಪನ ಮಗಳು ಶಂಕ್ರವ್ವ ಮೂರನೆಯ ಹೆರಿಗೆಗೆ ದಾಂಡೇಲಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತ್ತು. ಮೊದಲಿನ ಎರಡು ಕೂಸುಗಳು ಸಾಂಬ್ರಾಣಿ ಊರಿನ ಗಂಡನ ಮನೆಯಲ್ಲಿ ಹಲ್ಲು ಮೂಡುವ ಮೊದಲೇ ಜ್ವರ ಬಂದು ಹೋಗಿದ್ದವು. ಕೂಸು ಉಳಿಯದ ಮನೆಯಲ್ಲಿ ಮುಂದಿನದಕ್ಕೆ ಹೊಸದೇನನ್ನೂ ಮಾಡಿಸುವುದಿಲ್ಲ. ಅಂಗಿ, ಕುಂಚಿಗೆ, ತೊಟ್ಟಿಲ ಕಟ್ಟಿಗೆ ಎಲ್ಲವನ್ನೂ ಐದು ಮುತ್ತೈದೆಯರ ಮನೆಯಿಂದ ಬೇಡಿ ತರುತ್ತಾರೆ. ಬೇಡಿದ ಕೂಸಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂದು ನಂಬಿಕೆ. ತೊಟ್ಟಿಲು ಹಾಗೆ ಬೇಡಿದ ಕಟ್ಟಿಗೆಯದೇ ಆದರೆ ಹೆಸರಿಡುವ ದಿನ ತಾಯಿ-ಮಗನನ್ನು ಕರೆದೊಯ್ಯುವುದಾಗಿ ಶಂಕ್ರವ್ವನ ಅತ್ತೆ ಮಹಾದೇವಕ್ಕ ಹೇಳಿಕಳಿಸಿದ್ದಳು. ಆಗದಿದ್ದರೆ ಏನೆಂದು ಅವಳು ಹೇಳಿರಲಿಲ್ಲ. ಆದರೆ ಮಗ ಶೇಖಪ್ಪನಿಗೆ ಬೇರೆ ಹೆಣ್ಣು ನೋಡುವ ಮಾತು ಎದ್ದದ್ದು ದಾಂಡೇಲಿಯವರೆಗೂ ಬಂದಿತ್ತು.

ಉಳವಪ್ಪ ಅಳ್ನಾವರದ ಕಡೆಯವನು. ಗಿರಣಿ ಕಟ್ಟುವಾಗ ಊರು ಬಿಟ್ಟು ಬಂದು, ಕಾಳಿ ನದಿ ದಾಟಿಸುವ ದೋಣಿಗಳನ್ನು ಕಟ್ಟಿ ಹೆಸರಾದ. ಆ ಕೆಲಸ ಕಡಿಮೆಯಾದ ಮೇಲೆ ಡಿಪೋ ಸೇರಿದ. ತೊಟ್ಟಿಲೆಂದರೆ ಈ ಕಡೆಯವರಿಗೆ ಅರಗು ಬಳಿದ ಕಾಲುಗಳ ಚೌಕ ಪೆಟ್ಟಿಗೆ. ಕಾಲು ಕಡೆಯುವ ಯಂತ್ರ ಅವನ ಬಳಿ ಇರಲಿಲ್ಲ, ಪೆಟ್ಟಿಗೆ ಕೂಡಿಸಲು ಒಂದೇ ಅಳತೆಯ ಹಲಗೆಗಳೂ ಇರಲಿಲ್ಲ. ಹೊರಸಿನ ಕಾಲು, ಚಕ್ಕಡಿಯ ಗೂಟ, ಮುರಿದ ಒನಕೆ, ಕಿಟಕಿಯ ಒಡೆದ ಕದ, ಇಷ್ಟೇ ನಾಲ್ಕು ಮನೆಗಳಿಂದ ಸಿಕ್ಕಿದ್ದು. ಇಂಥ ಚೂರುಗಳನ್ನು ಸೀಳಿ, ಬೆಂಕಿಗೆ ಕಾಸಿ ಬಗ್ಗಿಸಿದರೆ ದೋಣಿಯ ಪಕ್ಕೆಲುಬು ಆಗುತ್ತದೆ. ಆದ್ದರಿಂದ ತೊಟ್ಟಿಲನ್ನು ದೋಣಿಯ ಹಾಗೆ ಕಟ್ಟಿ, ತೊಲೆಗೆ ತೂಗುಹಾಕುವುದೆಂದು ತೀರ್ಮಾನಿಸಿದ. ಅದಕ್ಕೆ ಮೊದಲು ಒಂದು ಉದ್ದನೆಯ ತಳಹಲಗೆ ಬೇಕು. ಮಿಕ್ಕದ್ದೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

ಮರದ ರಾಶಿಗಳ ಊರಿನಲ್ಲಿ ಬಡವರ ಮನೆಯಲ್ಲಿ ಅಂಥ ಹಲಗೆ ಇರಲಿಲ್ಲ. ಡಿಪೋದ ಪ್ರತಿ ತುಂಡಿಗೂ ಗಾರ್ಡುಗಳ ಮುದ್ರೆ ಇತ್ತು. ಕೊನೆಗೆ ಅದು ಸಿಕ್ಕಿದ್ದು ಗೋದುಬಾಯಿಯ ಹಿತ್ತಲಲ್ಲಿ. ಅವಳ ಗಂಡ ದ್ಯಾಮಪ್ಪ ದೋಣಿ ನಡೆಸುತ್ತಿದ್ದವನು. ಹಿಂದಿನ ಮಳೆಗಾಲ ದೋಣಿ ಮಗುಚಿ ಸತ್ತಿದ್ದ. ದೋಣಿ ಬಂಡೆಗೆ ಬಡಿದು ಒಡೆದರೂ ತಳಹಲಗೆ ಮಾತ್ರ ಸೀಳಿರಲಿಲ್ಲ. ಗೋದುಬಾಯಿ ಅದನ್ನು ತಂದು ಕೊಡಗಳ ಕೆಳಗೆ ಹಾಸಿಕೊಂಡಿದ್ದಳು.

"ಹೋದಾಂವ ಹೋದ. ಹಲಗಿ ಏನ ಪಾಪ ಮಾಡೇತಿ?" ಅಂದಳು ಗೋದುಬಾಯಿ, ಕೊಡಗಳನ್ನು ಸರಿಸುತ್ತ. "ಒಯ್ರಿ ಮಾಮಾ. ಒಂದ ಕೂಸರ ಆಡ್ಲಿ ಇದರ ಮ್ಯಾಗ."

ಉಳವಪ್ಪನ ಹೆಂಡತಿ ಸಿದ್ದಕ್ಕ ಹಲಗೆಯನ್ನು ಹೊಸ್ತಿಲ ಹೊರಗೇ ತಡೆದಳು.

"ಐದ ಮುತ್ತೈದಿ ಮನಿ ಅಂದ್ರ ರಂಡಿ ಮನೀದು ತಂದೀರಲ್ಲ. ನಿಮಗ ಬುದ್ಧಿ ಐತೇನು?"

"ಕೈಯಾಡಿಸಿ ನೋಡು. ನೀರು ಕುಡದ ಸಾಗವಾನಿ. ಹುಳಾ ಹತ್ತೂದಿಲ್ಲ, ಸೊಟ್ಟ ಆಗೂದಿಲ್ಲ. ಹಲಗಿ ಏನ ಕುಂಕುಮಾ ಹಚ್ಕೋತೈತೇನು?"

"ಬೀಗತಿ ಕೇಳಿದ್ರ?"

"ಆಕಿ ಹಲಗೀನ್ನ ಯಾಕ ಕೇಳ್ತಾಳ?"

ಅವನು ಕಟ್ಟಿಗೆಯನ್ನು ನೋಡಿದ್ದ, ಮನೆಯನ್ನು ನೋಡಿರಲಿಲ್ಲ. ಹಲಗೆಯನ್ನು ಕೊಯ್ದು ಎರಡೂ ತುದಿಗಳನ್ನು ಕಾಸಿ ಮೇಲಕ್ಕೆತ್ತಿದ. ಪಕ್ಕೆಲುಬುಗಳನ್ನು ಮರದ ಮೊಳೆಯಿಂದ ಅದಕ್ಕೆ ಬಿಗಿದ. ಕಿಟಕಿಯ ಕದ ಸೀಳಿ ಬದಿಗಳನ್ನು ಒಂದರ ಮೇಲೊಂದು ಹತ್ತಿಸಿದ. ಹಳೆಯ ಮೊಳೆಗಳ ತೂತುಗಳಿಗೆ ರಾಳ ತುಂಬಿದ. ಮುಗಿದ ಮೇಲೆ ಶಂಕ್ರವ್ವ ಒಳಗೆಲ್ಲ ಕೈಯಾಡಿಸಿ ನೋಡಿದಳು. ಎಲ್ಲಿಯೂ ಸಿಬಿರಿರಲಿಲ್ಲ. "ಛಲೋ ಆಗೇತಪ್ಪಾ" ಅಂದಳು.

ಕಟ್ಟಿಗೆ ಕೊಟ್ಟವರೇ ಹಗ್ಗ ಹಿಡಿದು ಮೊದಲ ಸಲ ತೂಗಬೇಕು ಎಂಬುದು ಹೆಂಗಸರ ಕಡೆಯ ಪದ್ಧತಿ. ಉಳವಪ್ಪನಿಗೆ ಇದು ಗೊತ್ತಿರಲಿಲ್ಲ. ಸಿದ್ದಕ್ಕನಿಗೆ ಗೊತ್ತಿತ್ತು. ಹೆಸರಿಡುವ ದಿನ ಅವಳು ಐದನೆಯವಳಾಗಿ ತನ್ನ ತಂಗಿ ನೀಲಕ್ಕನನ್ನು ನಿಲ್ಲಿಸಿದಳು. ಯಾರೂ ಕರೆಯದಿದ್ದರೂ ಗೋದುಬಾಯಿ ಒಗೆದ ಸೀರೆ ಉಟ್ಟು ಬಂದು, ಅಂಗಳದ ಗೋಡೆಗೆ ಒರಗಿ ನಿಂತಿದ್ದಳು.

ಮಹಾದೇವಕ್ಕ ತೊಟ್ಟಿಲ ಸುತ್ತ ಒಂದು ಸುತ್ತು ಬಂದಳು. "ಇದೇನ್ರೀ ಬೀಗರ, ಕೂಸಿನ್ನ ಹೊಳಿ ದಾಟಸಾವ್ರೇನು?" ಎಂದು ನಕ್ಕಳು. ಬಂದವರೂ ನಕ್ಕರು. ಅವಳು ಒಬ್ಬೊಬ್ಬರ ಕೈಗೆ ಹಗ್ಗ ಕೊಡುತ್ತ ನಿಮ್ಮದು ಯಾವುದವ್ವ ಎಂದು ಕೇಳತೊಡಗಿದಳು. ಮಾಲವ್ವ ಪಕ್ಕೆಲುಬು ತೋರಿಸಿದಳು. ನಾಲ್ವರೂ ತೋರಿಸಿದ ಮೇಲೆ ನೀಲಕ್ಕನ ಸರದಿ ಬಂತು.

"ನಿಂದ ಯಾವುದವಾ?"

ನೀಲಕ್ಕ ಅಕ್ಕನ ಮುಖ ನೋಡಿದಳು. ಮಹಾದೇವಕ್ಕ ಬಗ್ಗಿ ತಳಕ್ಕೆ ಮೂಗು ಹಚ್ಚಿದಳು. "ಹೊಳಿ ವಾಸನಿ ಬರ್ತೈತಿ. ಯಾರ್ದಿದು?"

ಅಂಗಳದಲ್ಲಿ ಗೋದುಬಾಯಿ ಒರಗಿದ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಉಳವಪ್ಪ ಅವಳನ್ನು ನೋಡಿದ.

"ಗೋದುಬಾಯಿದು. ಆಕಿ ಗಂಡನ ದೋಣೀದು" ಅಂದ.

ಮಹಾದೇವಕ್ಕ ಶಂಕ್ರವ್ವನ ಮಡಿಲಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಹಿಂದೆ ಸರಿದಳು. "ಎರಡ ಕೂಸು ಮಣ್ಣ ಮಾಡೇನಿ ನಾ. ಇದರಾಗ ಹಾಕಂಗಿಲ್ಲ. ಆ ಹಲಗಿ ಹೊರಗ ಹಾಕ್ರಿ, ಸೊಸಿ ಇವತ್ತ ನನ್ನ ಹಿಂದ ಬರ್ಲಿ. ಇಲ್ಲಂದ್ರ ಕೂಸಿನ್ನಷ್ಟ ಒಯ್ತೇನಿ."

"ತಳಾ ಕಿತ್ತರ ಏನೂ ಉಳಿಯೂದಿಲ್ರೀ" ಅಂದ ಉಳವಪ್ಪ.

"ಕೀಳಪ್ಪಾ" ಅಂದಳು ಶಂಕ್ರವ್ವ. ಅವಳ ಕಣ್ಣು ಅತ್ತೆಯ ತೋಳಲ್ಲಿದ್ದ ಕೂಸಿನ ಮೇಲಿತ್ತು. "ಲಗೂ ಕೀಳು."

ಉಳವಪ್ಪ ಹಗ್ಗ ಬಿಚ್ಚಿ ತೊಟ್ಟಿಲನ್ನು ಅಂಗಳಕ್ಕೆ ತಂದು ಬೋರಲು ಹಾಕಿದ. ಉಳಿ ಇಟ್ಟು ಮರದ ಮೊಳೆಗಳನ್ನು ಒಂದೊಂದಾಗಿ ಹೊಡೆದು ಹೊರಗೆ ಹಾಕಿದ. ಬಿಗಿಯಾಗಿ ಕಟ್ಟಿದ್ದರಿಂದ ಹೊತ್ತು ಹಿಡಿಯಿತು. ಹಲಗೆ ಕೈಗೆ ಬಂದಾಗ ಪಕ್ಕೆಲುಬುಗಳು ಅಗಲಿ ಬಿದ್ದವು, ಕದದ ಸೀಳುಗಳು ಚಟಚಟ ಬಿರಿದವು. ಗೋದುಬಾಯಿ ಕೊನೆಯವರೆಗೂ ನಿಂತು ನೋಡಿದಳು. ಅವನು ಹಲಗೆಯನ್ನು ಅವಳ ಕಡೆ ಚಾಚಿದ.

"ಕೊಟ್ಟಿದ್ದು ತಿರುಗಿ ಒಯ್ಯೂದಿಲ್ಲ ಮಾಮಾ" ಎಂದು ಹೇಳಿ ಅವಳು ಹೊರಟುಹೋದಳು.

ಒಳಗೆ ತೊಲೆಗೆ ಹಳೆಯ ಸೀರೆ ಕಟ್ಟಿ ಕೂಸನ್ನು ಮಲಗಿಸಿದರು. ತಿಪ್ಪಣ್ಣ ಎಂದು ಹೆಸರು ಕೂಗಿದರು. ಸಂಜೆಯ ಹಳಿಯಾಳದ ಬಸ್ಸಿಗೆ ಶಂಕ್ರವ್ವ ಅತ್ತೆಯ ಹಿಂದೆ ಸಾಂಬ್ರಾಣಿಗೆ ಹೋದಳು. ಆಮೇಲೆ ಚಾಳಿನವರು ಯಾವ ಮನೆಯ ಹೆಸರಿಡುವ ದಿನಕ್ಕೂ ಗೋದುಬಾಯಿಯನ್ನು ಅಂಗಳಕ್ಕೂ ಸೇರಿಸಲಿಲ್ಲ. ಶಿವರಾತ್ರಿಗೆ ಮೊದಲೇ ಅವಳು ಮನೆ ಬಿಟ್ಟು ಜೋಯಿಡಾದ ಅಣ್ಣನ ಬಳಿಗೆ ಹೋದಳು.