ಗೋಡೆಯಾಚೆ ಹೋದ ಫ್ಲೆಮಿಂಗೊ

ಕಡಲತೀರದ ಉರಣ ಊರಿನ ಕಡೆ ನೌಕಾಪಡೆಯ ಎತ್ತರದ ಗೋಡೆಯ ಹೊರಗೆ ಒಂದು ಜೌಗು ಕೆರೆಯಿತ್ತು. ಅಲ್ಲಿಗೆ ಬರುತ್ತಿದ್ದ ಫ್ಲೆಮಿಂಗೊಗಳಿಗಾಗಿ ಕೆರೆ ಉಳಿಸಿ ಎಂದು ನಮ್ಮ ಪಕ್ಷಿವೀಕ್ಷಕರ ಗುಂಪು ಬೇಲಾಪುರದ ಸರ್ಕಾರಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿತು. ಆದರೂ ಡಂಪರುಗಳು ಬಂದು ಕೆರೆಗೆ ಮಣ್ಣು ಸುರಿಯುತ್ತಲೇ ಇದ್ದವು. ಹಕ್ಕಿಗಳು ಎದ್ದು ಗೋಡೆ ದಾಟಿ ಒಳಗಿನ ಕೆರೆಗೆ ಹೋಗಿಬಿಟ್ಟವು.

ಆ ಗೋಡೆಯೊಳಗಿನ ಕ್ವಾರ್ಟರ್ಸಿನಲ್ಲಿ ಮೈಸೂರಿನ ಹುಡುಗಿಯೊಬ್ಬಳಿದ್ದಳು, ನೌಕಾಪಡೆಯವನ ಹೆಂಡತಿ. ವಾಶಿಯಲ್ಲಿ ಕನ್ನಡದವರ ಕಾರ್ಯಕ್ರಮಕ್ಕೆ ಬಂದಾಗ ಪರಿಚಯವಾಯಿತು.

"ಬಟ್ಟೆ ಒಣಗಹಾಕೋಕೆ ಹೋದ್ರೆ ದಿನಾ ಕಾಣ್ತವೆ ಅಕ್ಕ, ಗುಲಾಬಿ ಕೊಕ್ಕರೆ," ಎಂದಳು.

"ಕೊಕ್ಕರೆ ಅಲ್ಲ ಮಾರಾಯ್ತಿ, ಫ್ಲೆಮಿಂಗೊ ಅದು!" ಎಂದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು. ಕೋಪರಖೈರಣೆಯ ನನ್ನ ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಬಿಟ್ಟರೆ ಬೇರೇನಿದೆ?

ಒಂದು ಭಾನುವಾರ ಪಾಸು ಮಾಡಿಸಿ ಮನೆಗೆ ಕರೆದಳು. ಗೇಟಿನಲ್ಲಿ ನನ್ನ ಕ್ಯಾಮೆರಾ ತೆಗೆದಿಟ್ಟುಕೊಂಡರು. ಫೋಟೊ ಇಲ್ಲದೆ ನೋಡಿದ ಹಕ್ಕಿಯನ್ನು ನಮ್ಮ ಗುಂಪಿನಲ್ಲಿ ಯಾರೂ ನಂಬುವುದಿಲ್ಲ. ಅವಳ ಬಾಲ್ಕನಿಯ ಕೆಳಗೇ ನೀರು, ನೀರಿನ ತುಂಬ ಫ್ಲೆಮಿಂಗೊಗಳು. ಅವುಗಳ ನಡುವೆ, ಸಂಶೋಧಕರು ಕಾಲಿಗೆ ಹಳದಿ ಬಳೆ ತೊಡಿಸಿದ್ದ ಹಕ್ಕಿಯೊಂದು. ಹಿಂದಿನ ವರ್ಷ ನಮ್ಮ ಕೆರೆಯಲ್ಲಿ ಅದನ್ನು ಮೊದಲು ಕಂಡವಳು ನಾನು, ಗುಂಪಿಗೆಲ್ಲ ತೋರಿಸಿ ಮೆರೆದವಳು ನಾನು. ಒಂದು ಮನವಿ ಬರೆಯದೆ, ಒಂದು ದಿನ ಬಿಸಿಲಲ್ಲಿ ಫಲಕ ಹಿಡಿದು ನಿಲ್ಲದೆ, ಅದೇ ಹಕ್ಕಿ ಇವಳ ಪಾಲಾಗಿತ್ತು.

ಅವಳು ನನ್ನ ಕೈಗೆ ಚಹಾ ಕೊಟ್ಟು ಕೇಳಿದಳು: "ಪಾಪ, ನಿಮ್ಮ ಕಡೆ ಎಲ್ಲ ಬರಲ್ವಾ ಅಕ್ಕ ಇವು?"